ಮೂರನೆಯ ಸಾಲು ಮತ್ತು ಕುಂಡೆಕುಸ್ಕ

ಮಾರ್ಚ್ ೧೪, ಶನಿವಾರ

ಕರಪತ್ರದ ಮೂರನೆಯ ಸಾಲು ಸುಳ್ಳು. ನದಿಯ ತಡೆಗೋಡೆಯನ್ನು ವಿರೋಧಿಸಿ, "ಈ ಸಿಮೆಂಟಿನಲ್ಲಿ ಒಂದು ಹಕ್ಕಿಯೂ ಗೂಡು ಕಟ್ಟದು" ಎಂದು ಬರೆದವನು ನಾನೇ. ಅರ್ಧಕ್ಕರ್ಧ ಪ್ರತಿ ಹಂಚಿಯೂ ಆಗಿದೆ.

ಆದರೂ ಖುಷಿಯಾಗಿದೆ. ಬೆಳಿಗ್ಗೆ ಅಕ್ಕನ ಕ್ಯಾಮೆರಾ ಹಿಡಿದು ಎರಡು ಗಂಟೆ ಕೆಸರಿನಲ್ಲಿ ಬೋರಲು ಮಲಗಿದ್ದೆ. ಬಾಲ ಕುಣಿಸುವ ಹೊಳೆಹಕ್ಕಿ, ಕುಂಡೆಕುಸ್ಕ ಬಂತು. ಕಪ್ಪು ಬೆನ್ನು, ಬಿಳಿ ಹುಬ್ಬು, ಒಂದು ಗಳಿಗೆಯೂ ಸುಮ್ಮನಿರದ ಬಾಲ. ಕಲ್ಲಿನ ಮೇಲೆ ನಿಂತು ಅದು ಹಾಡತೊಡಗಿದಾಗ ನಾನು ಫೋಟೋ ತೆಗೆಯುವುದನ್ನೇ ಮರೆತೆ. ಆಮೇಲೆ ಹುಳು ಕಚ್ಚಿಕೊಂಡು ಹಾರಿ, ಗೋಡೆಯಲ್ಲಿ ನೀರು ಹೋಗಲು ಬಿಟ್ಟ ತೂತಿನೊಳಗೆ ಹೊಕ್ಕಿತು. ಒಳಗೆ ಮರಿಗಳ ಚೀಂಚೀಂ. ಈ ಸಲ ಮರೆಯಲಿಲ್ಲ.

ತಿರುಗಿದರೆ ನನ್ನ ಹಿಂದೆ ಗೋಡೆ ಕಟ್ಟುವ ಮೇಸ್ತ್ರಿ ನಿಂತಿದ್ದರು. ಹೋದ ವಾರ ಅವರನ್ನು ನದಿಯ ಕೊಲೆಗಾರ ಎಂದು ಬೈದಿದ್ದೆ.

"ಏನಪ್ಪಾ ಕ್ರಾಂತಿಕಾರಿ, ನನ್ನ ಗೋಡೇದೇ ಫೋಟೋ ಹೊಡೀತಿದ್ದೀಯಾ?"

"ಆ ತೂತಲ್ಲಿ ಮರಿಗಳಿವೆ, ಮೇಸ್ತ್ರಿ."

"ನಾಳಿದ್ದು ಅದಕ್ಕೆ ಪೈಪು ಕೂರಿಸಿ ಗಾರೆ ಮೆತ್ತಬೇಕಲ್ಲ."

ಫೋಟೋ ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಎಷ್ಟು ದಿನ ಬೇಕು ಇವಕ್ಕೆ?"

"ಎರಡು ವಾರ."

"ಸರಿ, ಆ ತುದಿಯಿಂದ ಶುರು ಮಾಡ್ತೀನಿ. ಆದ್ರೆ ನೀನು ಬಂದು ಕಾವಲು ಕೂರು. ನಮ್ಮವರು ಮರೆತು ಮೆತ್ತಿಬಿಟ್ಟಾರು."

ಗೋಡೆ ಬೇಡ ಎಂಬ ನನ್ನ ಮಾತು ಬದಲಾಗಿಲ್ಲ. ಆದರೆ ಸುಳ್ಳನ್ನು ನಂಬಿ ಹೋರಾಡಲಾರೆ. ಉಳಿದ ಪ್ರತಿಗಳಲ್ಲಿ ಆ ಸಾಲನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದೇನೆ. ಕಣ್ಣು ಎಳೆಯುತ್ತಿದೆ. ಐದಕ್ಕೆ ಏಳಬೇಕು, ಗೋಡೆ ಕಾಯಲು. ನಾನು, ಆ ಗೋಡೆಯೇ ಬೇಡವೆಂದವನು!