ಕುರೆಸಾವಾ ಅಗ್ನಿದಳದ ಕೊನೆಯ ಹಾಜರಿ

ಕುರೆಸಾವಾ,
ಡಿಸೆಂಬರ್ ೪

ಪ್ರೀತಿಯ ತಮ್ಮ ಕಿಯೊಹಾರು,

ಹೇಗಿದ್ದೀಯಪ್ಪಾ? ಹೊಕ್ಕೈಡೊದ ಚಳಿಗೆ ನಿನ್ನ ಮಂಡಿನೋವು ಹೆಚ್ಚಾಗಿರಬೇಕು. ಜೊತೆಗೆ ಕಳಿಸಿರುವ ಉಣ್ಣೆ ಕಾಲುಚೀಲ ಅಮ್ಮ ಹೆಣೆದದ್ದು. ಒಂದು ಉದ್ದ, ಒಂದು ಗಿಡ್ಡ, ನಗಬೇಡ. ಅಮ್ಮ ನನ್ನ ಮನೆಯಲ್ಲಿ ಆರಾಮವಾಗಿದ್ದಾಳೆ, ನನ್ನ ಅಡುಗೆಗೆ ಹೆಸರಿಡುವಷ್ಟು ಶಕ್ತಿ ಇನ್ನೂ ಇದೆ.

ಸುದ್ದಿ ಒಳ್ಳೆಯದಲ್ಲ. ನಮ್ಮ ಅಗ್ನಿದಳವನ್ನು ಮುಚ್ಚುತ್ತಿದ್ದಾರೆ. ಅರ್ಧ ಪೇಟೆಯೇ ಸುಟ್ಟುಹೋದ ವರ್ಷ ನಮ್ಮಜ್ಜ, ಕ್ಷೌರದವರು, ದೇಗುಲದ ಅರ್ಚಕರು ಎಲ್ಲ ಸೇರಿ ಕಟ್ಟಿದ ದಳ. ಸಂಬಳವಿಲ್ಲ, ಗಂಟೆ ಬಡಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವುದು. ಕೈಪಂಪನ್ನು ಹೆಗಲ ಮೇಲೆ ಹೊತ್ತ ಕಾಲದಿಂದ ಪುಟ್ಟ ಲಾರಿ ಬಂದ ಕಾಲದವರೆಗೆ, ಅರ್ಧ ಮುಖಕ್ಕೆ ಸೋಪು ಬಳಿಸಿಕೊಂಡ ಗಿರಾಕಿಗಳು ಕ್ಷೌರದ ಕುರ್ಚಿಯಲ್ಲೇ ಕಾದು ಕೂತದ್ದು ಎಷ್ಟು ಸಲವೋ! ಈಗ ಉಳಿದವರು ಏಳು ಜನ, ಏಳು ಜನಕ್ಕೂ ಸೊಂಟನೋವು. ಇನ್ನು ಪಕ್ಕದ ಪಟ್ಟಣದ ವಾಹನ ಬರುತ್ತದಂತೆ. ಅದು ಬರುವಷ್ಟರಲ್ಲಿ ಏನುಳಿಯುತ್ತದೆ ಅನ್ನುವುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊನ್ನೆ ಸಭೆಯಲ್ಲಿ ದಳಪತಿಯಾದ ತೋಫು ಅಂಗಡಿಯ ತೊಕುಜೊ ಮಾವ ಪಂಪಿನ ಕೊಟ್ಟಿಗೆಯಲ್ಲಿ ಕೊಳವೆಗಳ ಹಿಂದೆ ಬಚ್ಚಿಟ್ಟಿದ್ದ ಬಹುಮಾನದ ಕಪ್ಪನ್ನು ಹೊರತೆಗೆದರು. ಹೌದು, ಅದೇ. ಹದಿನೇಳು ವರ್ಷದ ಹಿಂದೆ ದಳಗಳ ಸ್ಪರ್ಧೆಯಲ್ಲಿ ನೀನು ಕೊಳವೆಯ ಮೂತಿ ಹಿಡಿದು ಓಡಿ ಗೆದ್ದದ್ದು. ಇದ್ದೊಂದು ಪಂಪನ್ನೂ ಇದ್ದಷ್ಟು ಗಂಡಸರನ್ನೂ ಅಲ್ಲಿಗೇ ಒಯ್ದಿರಿ. "ಒಂದ್ ದಿನಕ್ಕೆ ಏನಾಗುತ್ತೆ, ಬಿಡಕ್ಕಾ" ಅಂದೆ ನೀನು. ಅವತ್ತೇ ಸ್ನಾನದ ಒಲೆಯಿಂದ ನಮ್ಮ ಮನೆಗೇ ಬೆಂಕಿ ಹತ್ತಿತು. ಹೆಂಗಸರು ನಾವು ಬಕೆಟ್ ಹಿಡಿದು ಸಾಲು ನಿಂತರೂ ಉಳಿದದ್ದು ಬಾವಿಕಟ್ಟೆ ಮಾತ್ರ. ನೀವು ಹಾಡುತ್ತಾ ಬಂದಿರಿ. ಅಮ್ಮ ಬೂದಿಯಲ್ಲಿ ನಿಂತು, "ನೀರು ತರೋ ಹೊತ್ತಲ್ಲಿ ಕಪ್ ತಂದ್ಯಾ, ಮಗನೇ?" ಅಂದಳು. ಬೆಂಕಿ ಬಿದ್ದ ಮನೆಯವರು ನೆರೆಯವರಿಗೆ ಅಪಾಯ ತಂದದ್ದಕ್ಕೆ ಮನೆಮನೆಗೆ ಹೋಗಿ ತಲೆಬಾಗಿ ಕ್ಷಮೆ ಕೇಳಬೇಕಲ್ಲ, ಅಮ್ಮ ಹಾಗೆ ಹೊರಟಾಗ ಜೊತೆಗೆ ನೀನಿರಲಿಲ್ಲ, ರೈಲು ಹತ್ತಿಬಿಟ್ಟಿದ್ದೆ. ನನಗೆ ನಿನ್ನ ಮೇಲೆ ಇವತ್ತಿಗೂ ಸಿಟ್ಟಿದೆ. ಅಮ್ಮನಿಗಿಲ್ಲ. ಅವಳ ಸಿಟ್ಟೆಲ್ಲ ತನ್ನ ನಾಲಿಗೆಯ ಮೇಲೆ. ಆ ಒಂದು ಮಾತು ಆಡಬಾರದಿತ್ತು ಎಂದು ಎಷ್ಟು ಕೊರಗಿದ್ದಾಳೋ ನಾನು ಬಲ್ಲೆ.

ಸಭೆಯಲ್ಲಿ ತೊಕುಜೊ ಮಾವ ಅಮ್ಮನೆದುರು ನೆಲಕ್ಕೆ ಹಣೆ ಹಚ್ಚಿದರು. "ಪಂಪ್ ಒಯ್ಯೋಣ ಅಂದಿದ್ದು ನಾನು ತಾಯೀ, ಆ ಹುಡುಗ ಅಲ್ಲ." ಅಮ್ಮ, "ಏಳೋ ತೊಕುಜೊ, ನಿನ್ನ ಎತ್ತೋಕೆ ಪಕ್ಕದೂರಿನ ದಳ ಕರೆಸಬೇಕಾಗುತ್ತೆ" ಎಂದು ಎಲ್ಲರನ್ನೂ ನಗಿಸಿದಳು. ಮನೆಗೆ ಬಂದು ಅತ್ತಳು.

ಪ್ರತಿ ಜನವರಿ ಹೊಳೆದಂಡೆಯಲ್ಲಿ ದಳದ ಹಾಜರಿ ಕರೆಯುವಾಗ ಮಾವ ನಿನ್ನ ಹೆಸರನ್ನೂ ಕರೆಯುತ್ತಾರೆ, ಗೊತ್ತಾ? "ಕಿಯೊಹಾರು!" ಎಂದು ಕೂಗಿ, "ಕೆಲಸದ ಮೇಲೆ ಹೊರಗೆ ಹೋಗಿದ್ದಾನೆ" ಎಂದು ಉತ್ತರವನ್ನೂ ತಾವೇ ಕೊಡುತ್ತಾರೆ. ಯಾರೂ ನಗುವುದಿಲ್ಲ. ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಅದನ್ನು ಕೇಳಲೆಂದೇ ಹೋಗುತ್ತಾಳೆ.

ಮೈ ನೋಡಿಕೋ. ಕುಡಿಯುವುದು ಕಡಿಮೆ ಮಾಡು. ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೋ.

ನಿನ್ನ ಅಕ್ಕ,
ಕಾತ್ಸುಯೊ

ಮರೆತೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಗೀಚುತ್ತಿದ್ದೇನೆ. ಜನವರಿ ಆರಕ್ಕೆ ಕೊನೆಯ ಹಾಜರಿ. ಈ ಸಲ ನಿನ್ನ ಹೆಸರು ಕರೆದ ಮೇಲೆ ತೊಕುಜೊ ಮಾವ ತಾವೇ ಉತ್ತರ ಕೊಡುವುದಿಲ್ಲವಂತೆ. ಅಮ್ಮ ಬೇಡವೆಂದಿದ್ದಾಳೆ. ಎಲ್ಲರೂ ಸುಮ್ಮನೆ ನಿಂತು ಕಾಯುತ್ತಾರಂತೆ.