ಬೀರುವಿನಲ್ಲಿ ಐದು ಕೋಳಿ

ಮಾರ್ಚ್ 3, ಸೋಮವಾರ

ಇವತ್ತೂ ಬಚ್ಚಲಲ್ಲಿ ಕೋಳಿ. ಐದು. ಒಂದು ಬಕೆಟ್ ಮೇಲೆ, ಒಂದು ಸೋಪಿನ ಹಲಗೆಯ ಮೇಲೆ, ಉಳಿದ ಮೂರು ಎಲ್ಲಿ ನಿಲ್ಲಬಾರದೋ ಅಲ್ಲಿ. ಹನ್ನೆರಡು ದಿನದಿಂದ ಒಂಟಿ ಕಾಲಲ್ಲಿ ನಿಂತು ಸ್ನಾನ ಮಾಡುತ್ತಿದ್ದೇನೆ.

ಗೂಡು ಮೊದಲು, ಕೋಳಿ ಆಮೇಲೆ. ಇಷ್ಟೂ ತಿಳಿಯದವಳೇ ನಾನು? ಬೇಕೆಂದೇ ಮೊದಲು ಕೋಳಿ ತಂದೆ. ಅವು ಕಣ್ಣೆದುರು ಒದ್ದಾಡಿದರೆ ಅಣ್ಣ ಎದ್ದಾನು ಅಂತ. ನಲವತ್ತು ವರ್ಷ ಬೀರು, ಕಪಾಟು ಮಾಡಿದ ಬಡಗಿ. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆಯಿತು. ಅಂಗಡಿ ಮುಚ್ಚಿ ನನ್ನ ಮನೆಗೆ ಬಂದ. ಬಂದವನು ಬಲಗೈ ಜೇಬಿಗೆ ಹಾಕಿದ, ಇನ್ನೂ ತೆಗೆದಿಲ್ಲ.

“ಕೈಗೆ ಕೆಲಸ ಕೊಡದಿದ್ರೆ ಬೆರಳು ಹಾಗೇ ಮುದುಡ್ಕೊಂಡು ಬಿಡ್ತವೆ. ಈ ಎರಡು ಮೂರು ತಿಂಗಳೇ ಮುಖ್ಯ” ಎಂದರು ಹಿತ್ತಲಾಚೆಯ ಮನೆಯ ನರ್ಸಮ್ಮ. ಹಿಸುಕಲು ರಬ್ಬರ್ ಚೆಂಡು ಕೊಟ್ಟೆ — ಕಿಟಕಿಯಾಚೆ ಎಸೆದ. ಕೋಳಿಯನ್ನು ಎಸೆಯಲಾರ ಎಂದುಕೊಂಡೆ.

ಎಸೆಯಲಿಲ್ಲ. ಎದ್ದ. ಆದರೆ ಕೆಲಸವೆಲ್ಲ ನನ್ನ ಕೈಯಲ್ಲಿ, ಅವನದು ಬರೀ ಬಾಯಿ.

ಮಾರ್ಚ್ 5

ಗೂಡಿಗೆ ಹಲಗೆ ಕೊಯ್ದೆ. ವಕ್ರವಂತೆ. ಮತ್ತೆ ಕೊಯ್ದೆ. ಮತ್ತೂ ವಕ್ರವಂತೆ. ಇಪ್ಪತ್ತೈದು ವರ್ಷ ಬಟ್ಟೆ ಕತ್ತರಿಸಿದ ಕೈ ಇದು.

“ಬಟ್ಟೆ ಎಳೆದ್ರೆ ಬರುತ್ತೆ ಕಣೇ. ಮರ ಬರಲ್ಲ.”

“ಕೋಳಿ ಏನು ಸ್ಕೇಲ್ ಇಟ್ಟು ನೋಡುತ್ತಾ?”

“ನಾನು ನೋಡ್ತೀನಲ್ಲ.”

ಹಲಗೆ ನಯವಾಗಲಿ ಅಂತ ಉಜ್ಜುಗೊರಡು ತಳ್ಳಿ ತಳ್ಳಿ ಅಂಗೈ ತುಂಬ ಬೊಬ್ಬೆ. ಶಾಲೆಯ ಇಪ್ಪತ್ತು ಯೂನಿಫಾರ್ಮ್ ಕತ್ತರಿಸಿಟ್ಟವು ಹಾಗೇ ಬಿದ್ದಿವೆ.

ಮಾರ್ಚ್ 9, ಭಾನುವಾರ, ಸಂಜೆ 6

ಗೂಡು ಮುಗಿಯಿತು. ಅಳಬೇಕೋ ನಗಬೇಕೋ. ಎರಡು ಬಾಗಿಲು, ಒಳಗೆ ಎರಡು ಖಾನೆ, ಹಿತ್ತಾಳೆ ಹಿಡಿ, ಮೂರು ಕೋಟ್ ಪಾಲಿಶ್. ಸಂದಿಗೆ ಬ್ಲೇಡ್ ತೂರಿಸಿ ನೋಡಿದ ಅಣ್ಣ. ಹೋಗಲಿಲ್ಲ. ನಾಲ್ಕು ತಿಂಗಳ ಮೇಲೆ ಮುಖದಲ್ಲೊಂದು ಕಳೆ ಬಂತು.

“ಗಾಳಿ?” ಎಂದೆ.

“ಬೀರು ಅಂದ್ಮೇಲೆ ಸಂದು ಇರಬಾರ್ದು.”

“ಇದು ಬೀರು ಅಲ್ಲ ಅಣ್ಣ.”

ಕೇಳಿಸದವನಂತೆ ಹಿಡಿ ಒರೆಸಿದ.

ಹಗಲು ಓಡಾಡಲಿ ಅಂತ ಹಿತ್ತಲಲ್ಲಿ ಆರು ಕಂಬ ನೆಟ್ಟು ಸುತ್ತ ಜಾಲರಿ ಕಟ್ಟಿದ್ದೇನೆ. ಮೇಲಕ್ಕೆ ಸಾಲಲಿಲ್ಲ. ಅದರ ಮೂಲೆಯಲ್ಲಿ ಬೀರು. ಮಡಿಸಿದ ಬಟ್ಟೆ ಜೋಡಿಸಿದ ಹಾಗೆ ಐದನ್ನೂ ಖಾನೆಯಲ್ಲಿಟ್ಟು ಬಾಗಿಲು ಹಾಕಿದೆ. ಬಚ್ಚಲು ತೊಳೆದು ಎರಡೂ ಕಾಲೂರಿ ಸ್ನಾನ ಮಾಡಿದೆ.

ಮಾರ್ಚ್ 10, ಬೆಳಿಗ್ಗೆ

ಬಾಗಿಲು ತೆಗೆದರೆ ನಾತ ಮುಖಕ್ಕೆ ರಾಚಿತು. ಕಣ್ಣಲ್ಲಿ ನೀರು. ಒಳಗೋಡೆಯಿಂದ ಹನಿ ಇಳಿಯುತ್ತಿದೆ — ಕೋಳಿಗಳ ಉಸಿರೇ ನೀರಾಗಿದೆ. ಐದೂ ಕೊಕ್ಕು ತೆರೆದು ತೇಕುತ್ತಿವೆ. ಅಣ್ಣನನ್ನು ಎಳೆದು ತಂದು ತೋರಿಸಿದೆ.

“ಅಭ್ಯಾಸ ಆಗುತ್ತೆ.”

ಯಾವುದು, ಉಸಿರಾಡದೆ ಇರುವುದೇ? ಕಿಂಡಿ ಕೊರೆಯೋಣ ಎಂದರೆ, “ನನ್ನ ಬಾಗಿಲು ಮುಟ್ಟಬೇಡ” ಎಂದ. ಅವನ ಬಾಗಿಲಂತೆ. ಬೊಬ್ಬೆ ಯಾರ ಕೈಯಲ್ಲಿದೆಯೋ.

ಅದೇ ದಿನ, ಮಧ್ಯಾಹ್ನ 3

ಅಣ್ಣ ಮಲಗಿದ್ದಾಗ ಮಾಡಿಬಿಟ್ಟೆ. ಎರಡೂ ಬಾಗಿಲ ಮೇಲ್ಭಾಗದಲ್ಲಿ ತಟ್ಟೆಯಗಲದ ಕಿಂಡಿ. ಡ್ರಿಲ್‌ನಲ್ಲಿ ಸುತ್ತ ತೂತು ಕೊರೆದು, ಉಳಿ ಇಟ್ಟು ಹೊಡೆದೆ. ಅಂಚು ಇಲಿ ಕಡಿದ ಹಾಗಾಯಿತು. ಸೊಳ್ಳೆಪರದೆ ಬಟ್ಟೆ ಕತ್ತರಿಸಿ, ಅಂಚು ಮಡಿಸಿ ಹೊಲಿದು, ಮೇಲೆ ಕೂರಿಸಿ ಮೊಳೆ ಹೊಡೆದೆ. ಹೊಲಿಗೆ ಮಾತ್ರ ಚೆನ್ನಾಗಿ ಬಂದಿದೆ.

ಅಣ್ಣ ಎದ್ದು ಬಂದು ನೋಡಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

ಮಾರ್ಚ್ 14

ಮಾತಿಲ್ಲ. ತಟ್ಟೆ ಇಟ್ಟರೆ ಎಡಗೈಯಲ್ಲಿ ತಿಂದು ಎದ್ದು ಹೋಗುತ್ತಾನೆ. ನರ್ಸಮ್ಮ ಬಂದು ಕೈ ಕೊಡಿ ಎಂದರೆ ಗೋಡೆಗೆ ಮುಖ ತಿರುಗಿಸಿ ಕೂತ.

“ನೀವೇನಾದ್ರೂ ಅಂದ್ರಾ ಅವರಿಗೆ?”

“ಏನೂ ಅಂದಿಲ್ಲ.”

ಅಂದಿಲ್ಲ, ಮಾಡಿದೆ. ಎದ್ದವನನ್ನು ನಾನೇ ಕೂರಿಸಿದೆ. ಅವನ ಬೆರಳು ಮುದುಡಿದರೆ ಪಾಪ ನನ್ನದೇ. ಕೋಳಿಗಳಂತೂ ಹಾಯಾಗಿವೆ, ಅವುಗಳನ್ನು ಕಂಡರೆ ಮೈ ಉರಿಯುತ್ತದೆ.

ಮಾರ್ಚ್ 17, ಬೆಳಿಗ್ಗೆ 6.30

ನಾಲ್ಕು.

ಪರದೆ ಹರಿದು ಜೋತಾಡುತ್ತಿದೆ. ಬೂದು ಗರಿ ಕಾಂಪೌಂಡಿನವರೆಗೂ ಚೆಲ್ಲಿದೆ. ಬೀದಿಯ ಆ ದಪ್ಪ ಗಂಡುಬೆಕ್ಕು... ಜಾಲರಿ ಹತ್ತಿ ಇಳಿದಿದೆ. ಹೊಲಿಗೆ ಬಿಟ್ಟಿಲ್ಲ, ಬಟ್ಟೆಯೇ ಚಿಂದಿ.

ಅವನು ಬೀರು ಮಾಡಿದ, ನಾನು ಪರದೆ ಹೊಲಿದೆ. ಕೋಳಿಗೂಡು ಯಾರೂ ಕಟ್ಟಲೇ ಇಲ್ಲ.

ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಒಂದು ಕೋಳಿಗೆ ಇಷ್ಟು ಅಳು ಬರುವುದಿಲ್ಲ, ನನಗೂ ಗೊತ್ತು. ಅಣ್ಣ ಬಂದು ಆ ಚಿಂದಿ ಎತ್ತಿ ನೋಡಿದ. ಏಳು ದಿನದ ಮೇಲೆ ಬಾಯಿ ಬಿಟ್ಟ.

“ಸೊಳ್ಳೆ ಬರ್ಲಿಲ್ಲ ಬಿಡು.”

ಹೊಡೆಯಬೇಕು ಅನ್ನಿಸಿತು. ನಗು ಬಂತು.

ಅದೇ ದಿನ, 11 ಗಂಟೆ

ಬೆರಳು ತೂರದಂಥ ಕಬ್ಬಿಣದ ಜಾಲರಿ ತಾ ಎಂದ. ಹೊತ್ತು ತಂದು ನೋಡಿದರೆ ಎರಡೂ ಬಾಗಿಲು ಬಿಚ್ಚಿ ನೆಲದ ಮೇಲೆ ಮಲಗಿಸಿದ್ದಾನೆ. ಮೇಲಿನ ಅರ್ಧಕ್ಕೆ ಗೆರೆ ಎಳೆದು, ಮೊಣಕಾಲೂರಿ ಕೊಯ್ಯುತ್ತಿದ್ದಾನೆ. ತನ್ನ ಬಾಗಿಲನ್ನು, ತಾನೇ.

ಗರಗಸ ಬಲಗೈಯಲ್ಲಿ. ಎಡಗೈ ಆ ಕೈಯನ್ನು ಮೇಲಿನಿಂದ ಒತ್ತಿ ಹಿಡಿದಿದೆ. ಗೆರೆ ಬಿಟ್ಟು ಅರ್ಧ ಇಂಚು ಆಚೆ ಹೋಗಿದ್ದಾನೆ.

ನಾನು ಕಂಡೆ ಅಂತ ಗೊತ್ತಾದರೆ ನಿಲ್ಲಿಸಿಬಿಡುತ್ತಾನೆ. ಜಾಲರಿಯನ್ನು ದಡಾರನೆ ಕೆಡವಿ, “ಯೂನಿಫಾರ್ಮ್ ಕಾಯ್ತಿವೆ” ಎಂದು ಒಳಗೆ ಓಡಿದೆ. ಅವನಿಗೆ ಕೇಳಿಸಲಿ ಅಂತ ಜೋರಾಗಿ ಮಿಷನ್ ತುಳಿದೆ. ದಾರ ಪೋಣಿಸಿರಲಿಲ್ಲ.

ಮಾರ್ಚ್ 22, ಶನಿವಾರ

ಮೇಲೂ ಜಾಲರಿ ಆಯಿತು. ಬುಡಕ್ಕೆ ಒಂದಡಿ ಮಣ್ಣು ತೋಡಿ ಹೂತದ್ದೂ ಆಯಿತು, ತೋಡಿದ್ದು ಯಾರು ಅಂತ ಬರೆಯುವುದಿಲ್ಲ. ಬಾಗಿಲು ವಕ್ರ. ಈ ಸಲ ಯಾರೂ ಸ್ಕೇಲ್ ಇಟ್ಟು ನೋಡಲಿಲ್ಲ.

ನರ್ಸಮ್ಮ ಬಂದು ಸುತ್ತು ಹಾಕಿ ನೋಡಿದರು. ತಮಗೂ ಒಂದು ಬೇಕಂತೆ, ಮೂರು ಕೋಳಿಗೆ. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, “ಇವಳ ಕೈಲಾಗಲ್ಲ. ನಾನು ಮಾಡ್ಕೊಡ್ತೀನಿ” ಎಂದ. ಹಲಗೆಯೆಲ್ಲ ಕೊಯ್ದವಳು ನಾನು, ಬೊಬ್ಬೆ ಎದ್ದವಳು ನಾನು. ಕೈಲಾಗದವಳೂ ನಾನೇ.

ಈಗ ಅವರ ಹಿತ್ತಲಲ್ಲಿ ಟೇಪ್ ಹಿಡಿದು ನಿಂತಿದ್ದಾನೆ. ಅಳತೆ ಬರ್ಕೋ ಅಂತ ಗೋಡೆಯಾಚೆಯಿಂದ ಕೂಗಾಟ. ಕೈಗೆ ಸಿಕ್ಕಿದ್ದು ಇದೇ ಪುಸ್ತಕ. ಎತ್ತರ ಮೊದಲೋ ಅಗಲ ಮೊದಲೋ ಎಂದರೆ, “ಮೊದ್ಲು ಕಿಂಡಿ ಬರ್ಕೋ” ಅನ್ನುತ್ತಾನೆ.

ಕಿಂಡಿ ಎರಡು. ಎದುರುಬದುರು. ಉದ್ದ ಹದಿನೆಂಟು ಇಂಚು, ಅಗಲ...