ಗಂಟೆಗೆ ಬೆಚ್ಚದ ಇಬ್ಬರು

ಅತ್ತೆಗೆ ನಮಸ್ಕಾರ,

ಈ ಪ್ರಯೋಗಶಾಲೆಗೆ ಬಂದು ಹದಿನೈದು ದಿನವಾಯಿತು. ಇಲಿಗಳಿಗೆ ಕಾಳು, ನೀರು ಹಾಕುವ ಕೆಲಸ ನನ್ನದು. ಇಲ್ಲಿ ಗಂಟೆ ಬಾರಿಸಿ ಇಲಿಯ ಕಾಲಿಗೆ ಸಣ್ಣ ಶಾಕ್ ಕೊಡುತ್ತಾರೆ. ಮರುದಿನ ಬರೀ ಗಂಟೆ ಕೇಳಿದರೂ ಅದು ಕಲ್ಲಿನಂತೆ ನಿಂತುಬಿಡುತ್ತದೆ. ಆ ಭಯ ನೆನಪಿನಲ್ಲಿ ಉಳಿಯಬೇಕಾದರೆ ಮೆದುಳಿನಲ್ಲಿ ಕೆಲವು ಜೀನುಗಳು ಎಚ್ಚರಗೊಳ್ಳಬೇಕಂತೆ. ಒಂದು ಇಲಿಗೆ ಮಾತ್ರ ಅವು ಏಳದಂತೆ ಔಷಧಿ ಕೊಟ್ಟಿದ್ದರು.

ನಿನ್ನೆ ಅನುದಾನ ಸಮಿತಿಯವರು ಬಂದಿದ್ದರು. ಅವರು ಒಪ್ಪದಿದ್ದರೆ ನಮ್ಮೆಲ್ಲರ ಕೆಲಸಕ್ಕೂ ಸಂಚಕಾರ. ದೊಡ್ಡ ಡಾಕ್ಟರು ಗಂಟೆ ಒತ್ತಿದರು. ಮಾಮೂಲಿ ಇಲಿ ಮರಗಟ್ಟಿತು, ಔಷಧಿಯ ಇಲಿ ಕಾಳು ಮೆಲ್ಲುತ್ತಲೇ ಇತ್ತು. ಸಮಿತಿಯ ಹೆಂಗಸೊಬ್ಬರು ಇಲಿಗಳನ್ನು ಬಿಟ್ಟು ನಮ್ಮ ಆರು ಸಂಶೋಧಕರನ್ನು ನೋಡುತ್ತಿದ್ದರು. ಗಂಟೆ ಕೇಳಿ ಆರೂ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಡಾಕ್ಟರು ಬೈಯಲು ಅವರನ್ನು ಕೋಣೆಗೆ ಕರೆಸುವುದೂ ಅಂಥದೇ ಗಂಟೆಯಿಂದ.

"ಇವ್ರಿಗೂ ಶಾಕ್ ಕೊಡ್ತೀರಾ?" ಎಂದರು ಆಕೆ.

"ಛೆ ಛೆ, ಇವ್ರು ತಾವಾಗೇ ಕಲ್ತಿದ್ದು," ಎಂದರು ಡಾಕ್ಟರು.

ನಾನು ಕಾಳು ಸುರಿಯುತ್ತಲೇ ಇದ್ದೆ. ಆಕೆ ನನ್ನತ್ತ ಕೈ ತೋರಿಸಿ, "ಮತ್ತೆ ಈ ಹುಡುಗಿ?" ಎಂದು ಕೇಳಿದರು.

"ಅವಳು ಹೊಸಬಳು. ಇನ್ನೊಂದು ತಿಂಗ್ಳು ಹೋಗ್ಲಿ, ಕಲೀತಾಳೆ."

ಇಲಿ ಕಚ್ಚಿದ ಬೆರಳಿನ ಗಾಯ ಒಣಗಿದೆ, ಅಮ್ಮನ ಕಿವಿಗೆ ಹಾಕಬೇಡಿ.

ಕಾರ್ಡು ಮುಗಿಯಿತು ಎನ್ನುವಷ್ಟರಲ್ಲಿ ಸಮಿತಿಯ ವರದಿ ಬಂತು. ಅನುದಾನ ಮುಂದುವರಿದಿದೆ. ಇಲಿಗಳ ಬಗ್ಗೆ ಒಂದು ಸಾಲೂ ಇಲ್ಲ. ಸಿಬ್ಬಂದಿಯ ಶಿಸ್ತು ಮೆಚ್ಚುವಂಥದ್ದು ಎಂದು ಬರೆದಿದ್ದಾರೆ.

ನಿಮ್ಮ ಕಡ್ಡಿ